ಎಲೆಬುಟ್ಟಿಯಲ್ಲಿ ಬಂದ ತೀರ್ಪು

ಮೆಟ್ರಿ ಊರಿನಿಂದ ಬಂದು ಹೊಸಪೇಟೆಯಲ್ಲಿ ನೆಲೆಸಿದ್ದ ಅಂಜಿನಯ್ಯನಿಗೆ ಈ ಲೋಕದಲ್ಲಿ ಯಾರನ್ನು ಕಂಡರೂ ಅಷ್ಟಕ್ಕಷ್ಟೆ. ಹೊಸಪೇಟೆಯ ವಕೀಲರು ಅವನ ಪ್ರಕಾರ ಕರಿಕೋಟು ತೊಟ್ಟ ದನದ ದಲ್ಲಾಳಿಗಳು. ಸ್ಕೂಲಿನ ಮೇಷ್ಟ್ರುಗಳು ಬೆತ್ತ ಹಿಡಿದ ಕುರಿಗಾಹಿಗಳು. ತಾಲೂಕು ಕಚೇರಿಯ ಗುಮಾಸ್ತರಿಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಶುರುಮಾಡಲು ಬರುತ್ತದೆ, ಮುಗಿಸಲು ಬರುವುದಿಲ್ಲ ಎಂದು ಅವನು ಎಲ್ಲರೆದುರೂ ಹೇಳುತ್ತಿದ್ದ. ಆದರೆ ತಿರಸ್ಕಾರದ ಕೆನೆಯನ್ನೆಲ್ಲ ಅವನು ಒಬ್ಬನಿಗಾಗಿ ತೆಗೆದಿಟ್ಟಿದ್ದ. ಆತ ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕ ಉಜ್ಜಿನಪ್ಪ. ಅದೇ ಉಜ್ಜಿನಪ್ಪ ಕೊಡುವ ಸಂಬಳದಿಂದಲೇ ಅಂಜಿನಯ್ಯನ ಮನೆಯ ಒಲೆ ಉರಿಯುತ್ತಿತ್ತು. ಉಣ್ಣುವ ತಟ್ಟೆಗೆ ಮೂಗು ಮುರಿಯುತ್ತಲೇ ಉಣ್ಣುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಇವನು ಅದನ್ನೊಂದು ಉಪಕಸುಬು ಮಾಡಿಕೊಂಡಿದ್ದ.

ಮುಖ್ಯ ಕಸುಬು ಟೈಪು ಹೊಡೆಯುವುದು. ಅದೂ ಬರೆದದ್ದನ್ನು ನೋಡಿಕೊಂಡಲ್ಲ, ಕೇಳಿಕೊಂಡು. ಆ ಕಾಲಕ್ಕೆ ಸಂಡೂರು ಗುಡ್ಡದಲ್ಲಿ ಮ್ಯಾಂಗನೀಸು ಅಗೆಯುತ್ತಿದ್ದ ವಿಲಾಯಿತಿ ಕಂಪನಿಯೊಂದಿತ್ತು. ಅದರ ಮ್ಯಾನೇಜರ್ ದೊರೆ ಕೆಳಗಿನ ಬಿಸಿಲಿಗೆ ಹೆದರಿ ಗುಡ್ಡ ಬಿಟ್ಟು ಇಳಿಯುತ್ತಿರಲಿಲ್ಲ. ಕಂಪನಿಯ ಆಫೀಸು ಮಾತ್ರ ಹೊಸಪೇಟೆಯ ರೈಲ್ವೆ ಸ್ಟೇಷನ್ ಪಕ್ಕದಲ್ಲಿತ್ತು. ಹಾಗಾಗಿ ದೊರೆ ಮಾತಿನ ಮಷೀನು ತರಿಸಿದ. ಅದರ ತುತ್ತೂರಿಗೆ ಬಾಯಿಟ್ಟು ಮಾತಾಡಿದರೆ, ಒಳಗೆ ತಿರುಗುವ ಮೇಣದ ಕೊಳವೆಯ ಮೇಲೆ ಸೂಜಿಯೊಂದು ಆ ಮಾತನ್ನು ಗೀರಿ ಇಡುತ್ತಿತ್ತು. ಕೊಳವೆ ಗೇಣುದ್ದ, ಒಳಗೆ ಟೊಳ್ಳು, ಬೆಲ್ಲದ ಬಣ್ಣ. ಅದನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಹೇಸರಗತ್ತೆಯ ಮೇಲೆ ಗುಡ್ಡ ಇಳಿಸುವರು. ಕೆಳಗೆ ಅಂಜಿನಯ್ಯ ಅದನ್ನು ಇನ್ನೊಂದು ಮಷೀನಿಗೆ ತೊಡಿಸಿ, ರಬ್ಬರ್ ನಳಿಗೆಗಳನ್ನು ಕಿವಿಗೆ ಸಿಕ್ಕಿಸಿಕೊಂಡು, ಕೇಳಿದ್ದನ್ನು ಟೈಪು ಮಾಡುವನು. ಆಮೇಲೆ ಮೂರನೆಯ ಮಷೀನಿನಲ್ಲಿ ಕೊಳವೆಯನ್ನು ತೆಳ್ಳಗೆ ಹೆರೆದು ನುಣುಪು ಮಾಡಿ ವಾಪಸು ಕಳಿಸುವನು. ಹೆರೆದರೆ ಹಳೆಯ ಮಾತು ಪುಡಿಯಾಗಿ ಉದುರಿತು, ಹೊಸ ಮಾತಿಗೆ ಜಾಗವಾಯಿತು.

ಎಸ್ಸೆಸ್ಸೆಲ್ಸಿಯಲ್ಲಿ ಮುಗ್ಗರಿಸಿದ್ದ ಅಂಜಿನಯ್ಯನಿಗೆ ಇಂಗ್ಲಿಷು ಬಂದದ್ದು ಹೀಗೆ ಕಿವಿಯ ಮೂಲಕ. ದೊರೆಯ ಮಾತೆಲ್ಲ ಒಂದೇ ಬಗೆಯದು. ಕೂಲಿಗಳ ಬೇಡಿಕೆ ತಳ್ಳಿಹಾಕಿದೆ, ಮೇಸ್ತ್ರಿಯನ್ನು ಕೆಲಸದಿಂದ ತೆಗೆದಿದೆ, ಈ ವಿಷಯದಲ್ಲಿ ಇನ್ನು ಪತ್ರವ್ಯವಹಾರ ಬೇಡ. ಆ ವಾಕ್ಯಗಳ ಗತ್ತು ಅಂಜಿನಯ್ಯನ ತಲೆಗೇರಿತು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಮೂಗಿನಲ್ಲೇ ಮಾತಾಡಲು ಶುರುಮಾಡಿದ. ತಾನು ದೊರೆಯ ಬಾಯಿ, ಉಳಿದವರು ಬರೀ ಕಿವಿಗಳು ಎಂದು ನಂಬಿದ. ದೊರೆ ಮಾತ್ರ ಅವನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಮ್ಯಾಂಗನೀಸಿನ ಬೆಲೆ ಕುಸಿದ ವರ್ಷ ಕಂಪನಿ ಆಫೀಸು ಮುಚ್ಚಿತು. ಮೇಜು, ಕುರ್ಚಿ, ಗಡಿಯಾರಗಳ ಜೊತೆ ಮಾತಿನ ಮಷೀನುಗಳೂ ಹರಾಜಿಗೆ ಬಂದವು. ಉಜ್ಜಿನಪ್ಪ ಅವನ್ನು ಕೂಗಿ ಕೊಂಡದ್ದು ಗ್ರಾಮಫೋನು ಎಂದುಕೊಂಡು. ಕಂಪ್ಲಿಗೆ ಒಯ್ದು, ಪಡಸಾಲೆಯಲ್ಲಿಟ್ಟು, ಊರಿನ ನಾಲ್ಕು ಮಂದಿಯನ್ನು ಕರೆದು ಕೂರಿಸಿ, ಹಾಡು ಹಾಡು ಎಂದು ಅದಕ್ಕೆ ಕೀಲಿ ಕೊಟ್ಟ. ಅದು ಹಾಡಲಿಲ್ಲ. ಸಿಟ್ಟಾಗಿ ತುತ್ತೂರಿಯೊಳಗೆ ಬೈದ. ಆಗ ಅಂಜಿನಯ್ಯನನ್ನು ಹೊಸಪೇಟೆಯಿಂದ ಕರೆಸಿದರು. ಅವನು ಕೊಳವೆಯನ್ನು ಕೇಳಿಸುವ ಮಷೀನಿಗೆ ಹಾಕಿ ಉಜ್ಜಿನಪ್ಪನ ಕಿವಿಗೆ ನಳಿಗೆ ಕೊಟ್ಟ.

"ಅಲೆಲೆಲೇ, ಇದು ನನ್ನ ದನಿ!" ಎಂದ ಉಜ್ಜಿನಪ್ಪ. "ಏನ್ ಗತ್ತು ಐತಿ ನೋಡ್ರಿ! ಇದರ ಮುಂದ ಹಾಡು ಯಾವನಿಗೆ ಬೇಕು?"

ಬೈದಿದ್ದು ಅಸಭ್ಯವಾಗಿತ್ತು, ಇಲ್ಲಿ ಬರೆಯುವಂತಿಲ್ಲ. ಆತ ಅದನ್ನೇ ಹತ್ತಾರು ಸಲ ಕೇಳಿ ಕಣ್ಣು ಮುಚ್ಚಿ ತಲೆದೂಗಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈತನಿಗೆ ಐಶ್ವರ್ಯವೂ ಇತ್ತು, ಕೊಡೆಯೂ ಇತ್ತು, ಈಗ ತನ್ನ ದನಿಯನ್ನು ತಾನೇ ಕೇಳುವ ಯಂತ್ರವೂ ಬಂತು. ಅಂಜಿನಯ್ಯ ಒಳಗೊಳಗೇ ನಕ್ಕ. ಮಷೀನಿನ ಜೊತೆಗೆ ತನ್ನನ್ನೂ ಕೊಂಡುಕೊಳ್ಳುತ್ತೀರಾ ಎಂದು ಕೈಕಟ್ಟಿ ಕೇಳಿದ್ದೂ ಅವತ್ತೇ.

ಉಜ್ಜಿನಪ್ಪನಿಗೆ ಟೈಪಿಸ್ಟ್ ಬೇಕಾದದ್ದಕ್ಕೆ ಕಾರಣವಿತ್ತು. ಆತ ಹೊಸಪೇಟೆಯ ಕಡೆ ಚಿಲ್ಲರೆ ಕೇಸುಗಳನ್ನು ತೀರ್ಮಾನಿಸುವ ಬೆಂಚ್ ಕೋರ್ಟೊಂದರಲ್ಲಿ ಸಂಬಳವಿಲ್ಲದ ಮ್ಯಾಜಿಸ್ಟ್ರೇಟ್ ಆಗಿದ್ದ. ರಸ್ತೆಯಲ್ಲಿ ಜಗಳ, ಯಾರದೋ ಹೊಲ ಮೇಯ್ದ ಎಮ್ಮೆ, ಲೈಸೆನ್ಸಿಲ್ಲದ ಗಾಡಿ, ಇಂಥವು. ಬೆಂಚಿನ ಮೇಲೆ ಇನ್ನಿಬ್ಬರಿದ್ದರು. ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ, ಇನ್ನೊಬ್ಬರು ಕೂತ ಕೂಡಲೇ ನಿದ್ದೆ ಹೋಗುವರು. ಹೀಗಾಗಿ ನ್ಯಾಯವೆಲ್ಲ ಉಜ್ಜಿನಪ್ಪನ ತಲೆಯ ಮೇಲೆ ಬಿದ್ದಿತ್ತು. ಆತನಿಗೆ ನ್ಯಾಯ ಬೇಕಿರಲಿಲ್ಲ, ಬ್ರಿಟಿಷ್ ಸರ್ಕಾರ ಕೊಡುವ ರಾವ್ ಸಾಹೇಬ್ ಬಿರುದು ಬೇಕಿತ್ತು. ತೀರ್ಪುಗಳು ಒಳ್ಳೆಯ ಇಂಗ್ಲಿಷಿನಲ್ಲಿದ್ದರೆ ಮೇಲಿನವರ ಕಣ್ಣಿಗೆ ಬೀಳುತ್ತವೆ ಎಂದು ಯಾರೋ ಕಿವಿಯೂದಿದ್ದರು. ಆತನಿಗೆ ಬರುತ್ತಿದ್ದ ಇಂಗ್ಲಿಷೆಂದರೆ ತನ್ನ ಸಹಿ ಮಾತ್ರ.

ಆದ್ದರಿಂದ ಒಂದು ಪದ್ಧತಿ ಹುಟ್ಟಿತು. ಉಜ್ಜಿನಪ್ಪ ಕಂಪ್ಲಿಯ ಪಡಸಾಲೆಯಲ್ಲಿ ಕೂತು ಕನ್ನಡದಲ್ಲಿ ಮಾತಾಡಿ ಕೊಳವೆ ಕಳಿಸುವುದು, ಅಂಜಿನಯ್ಯ ಉಳಿದೆರಡು ಮಷೀನನ್ನು ಹೊಸಪೇಟೆಯ ಮನೆಯಲ್ಲಿಟ್ಟುಕೊಂಡು ಕೇಳಿ ಇಂಗ್ಲಿಷಿಗಿಳಿಸಿ ಟೈಪು ಮಾಡುವುದು. ಆತ ತೀರ್ಪು ಹೇಳುತ್ತಿದ್ದದ್ದು ವಿಚಾರಣೆಯ ಹಿಂದಿನ ದಿನ. ಕೇಳದೆ ತೀರ್ಪು ಹೇಳುವುದು ಹೇಗೆ ಎಂದು ಅಂಜಿನಯ್ಯ ಮೊದಲ ಸಲ ತೊದಲಿದಾಗ ಉಜ್ಜಿನಪ್ಪ ಕೈಬೀಸಿ ಬಾಯಿ ಮುಚ್ಚಿಸಿದ್ದ.

"ಭತ್ತದ ಚೀಲ ಬಿಚ್ಚದನ ಹೊಟ್ಟು ಎಷ್ಟೈತಿ ಅಂತ ಹೇಳಾವ ನಾನು. ಮನಷ್ಯಾರನ್ನ ಬಿಚ್ಚಿ ನೋಡಬೇಕೇನಲೇ?"

ಕೋರ್ಟಿನ ದಿನ ಮಧ್ಯಾಹ್ನದ ಊಟಕ್ಕೆ ಆತ ಕಂಪ್ಲಿಗೆ ತಿರುಗಿ ಬರಬೇಕಿತ್ತು, ಅಸಲಿ ಸಂಗತಿ ಅಷ್ಟೇ.

ತೊಂದರೆ ಬಂದದ್ದು ಬಿಸಿಲಿನಿಂದ. ಗುಡ್ಡದ ತಂಪಿಗೆ ಒಗ್ಗಿದ್ದ ಮೇಣ ಈ ಬಯಲಿನಲ್ಲಿ ಬಾಳುವುದುಂಟೇ? ಬಸ್ಸಿನಲ್ಲಿ ಕಳಿಸಿದ ಮೊದಲ ಕೊಳವೆಗಳು ಮೆತ್ತಗಾಗಿ ಸೊಟ್ಟಗಾದವು. ಆಗ ಉಪಾಯ ಹೇಳಿದವಳು ಅಂಜಿನಯ್ಯನ ಹೆಂಡತಿ ತಾಯಕ್ಕ. ಕಂಪ್ಲಿಯಿಂದ ಹೊಸಪೇಟೆ ಸಂತೆಗೆ ಬರುವ ವೀಳ್ಯದೆಲೆ ಬಾಡದೆ ಬರುತ್ತದಲ್ಲ, ಅದರ ಜೊತೆಗೇ ಬರಲಿ ಎಂದಳು. ಎಲೆಬುಟ್ಟಿಯ ತಳಕ್ಕೆ ಬಾಳೆಪಟ್ಟೆ, ಸುತ್ತ ಒದ್ದೆ ಗೋಣಿ, ನಡುವೆ ಕವಳಿ ಕವಳಿಯಾಗಿ ಜೋಡಿಸಿ ಕಟ್ಟಿದ ಎಲೆ. ಅಷ್ಟು ತಂಪು ಜಾಗ ಈ ಸೀಮೆಯಲ್ಲಿ ದೇವಸ್ಥಾನದ ಗರ್ಭಗುಡಿ ಬಿಟ್ಟರೆ ಇನ್ನೊಂದಿಲ್ಲ. ಎಲೆಗಾಡಿಗಳು ಹೊರಡುವುದೂ ಹೊತ್ತು ಮುಳುಗಿದ ಮೇಲೆ. ಮೇಣ ಕಲ್ಲಿನಂತೆ ಗಟ್ಟಿಯಾಗಿ ಬಂದು ಮುಟ್ಟಿತು. ಉಪಾಯ ತನ್ನದೇ ಎಂದು ಅಂಜಿನಯ್ಯ ಉಜ್ಜಿನಪ್ಪನಿಗೆ ಹೇಳಿದ, ಉಜ್ಜಿನಪ್ಪ ತನ್ನದು ಎಂದು ಊರಿಗೆ ಹೇಳಿದ.

ಆ ಬುಟ್ಟಿ ಯಲ್ಲಕ್ಕನದು. ಕಂಪ್ಲಿಯ ಎಲೆತೋಟದ ಎಲೆ ತಂದು ಹೊಸಪೇಟೆಯಲ್ಲಿ ಮಾರುವ, ಗಂಡ ಸತ್ತ, ಗಟ್ಟಿ ಬಾಯಿಯ ಹೆಂಗಸು. ತಾಲೂಕು ಕಚೇರಿಯ ಗೋಡೆಗೆ ಹೊಂದಿದ ಹುಣಸೆಮರದ ಬುಡ ಅವಳ ಜಾಗ. ಅವಳಿಗೂ ಮೊದಲು ಅವಳ ಅತ್ತೆ ಅಲ್ಲೇ ಕೂತು ಮಾರಿದ್ದಳು. ಕಚೇರಿಗೆ ಬಂದವರೆಲ್ಲ ಅಲ್ಲಿಯೇ ಎಲೆ ಹಾಕಿಕೊಂಡು ಒಳಗೆ ಹೋಗುವುದು. ಬೆಂಚ್ ಕೋರ್ಟು ಕೂಡುವುದೂ ಸಂತೆಯ ದಿನವೇ. ಅಂದು ಬೆಳಿಗ್ಗೆ ಬರುತ್ತಲೇ ಅವಳು ಮೊದಲು ಅಂಜಿನಯ್ಯನ ಮನೆಗೆ ಹೋಗಿ, ಎಲೆಯ ನಡುವಿನಿಂದ ಡಬ್ಬಿ ಎತ್ತಿ ಕೊಟ್ಟು, ತಾಯಕ್ಕನ ಮಡಿಲಿಗೆ ಒಂದು ಕವಳಿ ಎಲೆ ಹಾಕುವಳು. ತಾಯಕ್ಕ ಒಂದು ಚೆಂಬು ಅಂಬಲಿ ಕೊಡುವಳು. ಇಬ್ಬರೂ ಜಗುಲಿಯಲ್ಲಿ ಕೂತು ನಗುವುದನ್ನು ಅಂಜಿನಯ್ಯ ಒಳಗಿಂದ ಕೇಳಿ ಹಲ್ಲು ಕಡಿಯುವನು. ಇಂಥವರಿಗೆ ನಗಲು ಏನಿರುತ್ತದೆ ಎಂದು ಅವನಿಗೆ ಅರ್ಥವಾಗುತ್ತಿರಲಿಲ್ಲ.

ಉಜ್ಜಿನಪ್ಪನ ಹೆಂಡತಿಯ ತಮ್ಮ ಗಾದಿಲಿಂಗಪ್ಪ ಎಂಬ ಒಬ್ಬನಿದ್ದ. ಮೂರು ವ್ಯಾಪಾರ ಮಾಡಿ ಮೂರನ್ನೂ ಮುಳುಗಿಸಿದ್ದ. ನಾಲ್ಕನೆಯದಾಗಿ ಸೋಡಾ ಅಂಗಡಿ ಇಡಬೇಕೆಂದು ಊರೆಲ್ಲ ಅಲೆದು, ನೆರಳೂ ಜನವೂ ಒಟ್ಟಿಗಿರುವುದು ಆ ಹುಣಸೆಮರದ ಬುಡದಲ್ಲೇ ಎಂದು ಕಂಡುಕೊಂಡ. ಮರುವಾರವೇ ಯಲ್ಲಕ್ಕನ ಮೇಲೆ ಕೇಸಾಯಿತು. ಸಾರ್ವಜನಿಕ ರಸ್ತೆಗೆ ಅಡ್ಡ ಕೂತಿದ್ದಾಳೆ, ಎದ್ದು ಹೋಗಬೇಕು. ಆ ಜಾಗ ಹೋದರೆ ತನ್ನ ವ್ಯಾಪಾರ ಹೋಯಿತು, ವ್ಯಾಪಾರ ಹೋದರೆ ಕಂಪ್ಲಿಯಲ್ಲಿ ಇನ್ನೊಬ್ಬರ ಗದ್ದೆಯಲ್ಲಿ ಬಗ್ಗಬೇಕು ಎಂಬುದು ಯಲ್ಲಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಧೈರ್ಯವಾಗಿದ್ದಳು. ಮರದ ಬುಡದಲ್ಲಿ ರಸ್ತೆಯೇ ಇಲ್ಲ, ಹೇಳಿದರೆ ಯಾರಿಗೂ ತಿಳಿಯುತ್ತದೆ ಎಂದುಕೊಂಡಿದ್ದಳು.

ವಿಚಾರಣೆಯ ಬೆಳಿಗ್ಗೆ ಅವಳೇ ಡಬ್ಬಿ ತಂದಳು. ಅವಳ ಕೈಲೇ ಅವಳ ತೀರ್ಪನ್ನು ಕಳಿಸುವುದರಲ್ಲಿ ಉಜ್ಜಿನಪ್ಪನಿಗೆ ವಿಚಿತ್ರವೇನೂ ಕಂಡಿರಲಿಲ್ಲ. ಎಮ್ಮೆಯನ್ನು ಸಂತೆಗೆ ಅಟ್ಟುವಾಗ ಅದರ ಹಗ್ಗವನ್ನು ಅದರ ಕೊಂಬಿಗೇ ಸುತ್ತುವುದಿಲ್ಲವೇ?

"ಅಯ್ಯಾ," ಎಂದಳು ಯಲ್ಲಕ್ಕ ಬಾಗಿಲಲ್ಲಿ ನಿಂತು, "ಇವತ್ತು ನಂದೂ ಐತಿ ಕೋರ್ಟಿನ್ಯಾಗ. ದಣಿ ನಿಮ್ಮ ಮಷೀನಿನ್ಯಾಗ ನನ್ನ ಬಗ್ಗಿ ಏನಾರ ಅಂದಾರೇನು?"

"ಕೋರ್ಟಿನ ಗುಟ್ಟು ಎಲಿ ಮಾರೋರಿಗೆ ಹೇಳಾಂಗಿಲ್ಲ," ಎಂದ ಅಂಜಿನಯ್ಯ.

"ಹಂಗಾರ ಬಿಡ್ರಿ. ನಾನ ಹೇಳಕೊಂತೀನಿ," ಎಂದು ಅವಳು ಜಗುಲಿಗೆ ಹೋಗಿ ತಾಯಕ್ಕನ ಪಕ್ಕ ಕೂತಳು.

ಅಂಜಿನಯ್ಯ ಕೊಳವೆ ತೊಡಿಸಿ ನಳಿಗೆ ಸಿಕ್ಕಿಸಿಕೊಂಡ. ಮೊದಲು ಒಂದು ಕೆಮ್ಮು, ಆಮೇಲೆ ತಾಂಬೂಲ ಅಗಿಯುವ ಸದ್ದು. ಆಮೇಲೆ ಆ ದನಿ.

"ಹೂಂ. ಅಂಜಿನಯ್ಯಾ, ಬರಕೋ. ಯಲ್ಲಕ್ಕನ ಕೇಸು. ಆಕಿ ಬಂದ್ಲು, ಅತ್ಲು, ಕರದ್ಲು, ಎಲ್ಲಾ ಸುಳ್ಳು. ಮರ ಸರ್ಕಾರದ್ದು, ಆಕಿ ಅಪ್ಪಂದಲ್ಲ. ಗಾದಿಲಿಂಗಪ್ಪ ಸುಳ್ಳು ಹೇಳೋ ಪೈಕಿ ಅಲ್ಲ, ಯಾಕಂದ್ರ ನನ್ನ ಹೆಂಡ್ತಿ ತಮ್ಮ. ಇದನ್ನ ಬರೀಬ್ಯಾಡ. ದಂಡ ಹಾಕು. ಇನ್ನೊಮ್ಮೆ ಕುಂತ್ರ ಬುಟ್ಟಿ ಜಪ್ತಿ ಅಂತ ಬರಿ. ಆತು."

ಆಯಿತು ಎಂದವನು ಮಷೀನು ನಿಲ್ಲಿಸುವುದನ್ನು ಮರೆತಿದ್ದ. ಸೂಜಿ ಗೀರುತ್ತಲೇ ಹೋಗಿತ್ತು. ದೂರದಿಂದ ಗಾದಿಲಿಂಗಪ್ಪನ ದನಿ ಕೇಳಿತು. "ಭಾವಾ, ಇಷ್ಟಂದ್ರ ಸಾಕೇನು? ಇಂಗ್ಲಿಷಿನ್ಯಾಗ ನೆಟ್ಟಗ ಬರಬೇಕಲ್ಲ."

"ಅದರ ಚಿಂತಿ ನಿನಗ್ಯಾಕ? ನಾ ಉಗುಳಿದ್ರೂ ಆ ಅಂಜಿನಯ್ಯ ಒರಸಿ, ಪಾಲಿಶ್ ಮಾಡಿ, ಬೆಳ್ಳಿ ತಟ್ಟಿನಾಗ ಇಟ್ಟು ಕೊಡತಾನ. ಅಂಥವ ಒಬ್ಬ ಇದ್ರ ಮನಿಗೆ ನಾಯಿ ಬ್ಯಾಡ."

ಅಂಜಿನಯ್ಯನ ಕಿವಿ ಕಾದವು. ನಳಿಗೆ ಕಿತ್ತೆಸೆದು ಎದ್ದು ನಿಂತ. ಹೊರಗೆ ಜಗುಲಿಯಲ್ಲಿ ಇಬ್ಬರು ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದರು. ಮರ್ಯಾದೆ ಇರುವ ಮನುಷ್ಯನಾಗಿದ್ದರೆ ಅಷ್ಟು ಕೇಳಿದ ಮೇಲೆ ಕೊಳವೆ ಎತ್ತಿಕೊಂಡು ನೇರ ಹೊರಗೆ ಹೋಗಿ, ಯಲ್ಲಕ್ಕಾ, ನಿನ್ನ ತೀರ್ಪು ನಿನ್ನೆಯೇ ಆಗಿದೆ, ಯಾರಾದರೂ ವಕೀಲರನ್ನು ಹಿಡಿ ಎನ್ನುತ್ತಿದ್ದ. ಅಂಜಿನಯ್ಯನಿಗೆ ಹೊಳೆದ ಸೇಡು ಬೇರೆ. ಈ ಹೆಬ್ಬೆಟ್ಟಿನವನಿಗೆ ಜನ್ಮದಲ್ಲಿ ಅರ್ಥವಾಗದಂಥ ಇಂಗ್ಲಿಷು ಬರೆದು ತೋರಿಸುತ್ತೇನೆ ಎಂದು ಕೂತ. ಬರೆದೇ ಬರೆದ. ಆಪಾದಿತಳ ಹೇಳಿಕೆಯನ್ನು ನ್ಯಾಯಾಲಯವು ಅತ್ಯಂತ ಸಹನೆಯಿಂದ ಆಲಿಸಿದೆ ಎಂದ. ಅವಳ ಕಣ್ಣೀರು ಕರುಣೆಗೆ ಅರ್ಹವಾದರೂ ಪುರಾವೆಯಾಗಲಾರದು ಎಂದ. ಸಾರ್ವಜನಿಕ ಹಿತವೆಂಬುದು ವ್ಯಕ್ತಿಯ ಅನುಕೂಲಕ್ಕಿಂತ ಮೇಲು ಎಂದು ದೊರೆಯ ಗತ್ತಿನಲ್ಲಿ ಮುಗಿಸಿದ. ಹಾಳೆಯನ್ನು ಹೊರಗೆಳೆದು ಓದಿಕೊಂಡಾಗ ಅವನ ಸಿಟ್ಟೆಲ್ಲ ಇಳಿದು ಮೈ ಹಗುರಾಗಿತ್ತು. ಉಗುಳನ್ನು ಒರೆಸಿ ಪಾಲಿಶ್ ಮಾಡಿ ತಟ್ಟೆಯಲ್ಲಿಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕೊಳವೆಯನ್ನು ಮಾತ್ರ ಎಂದಿಗಿಂತ ಆಳವಾಗಿ ಹೆರೆದ. ನಾಯಿ ಎಂಬ ಮಾತು ಪುಡಿಯಾಗಿ ನೆಲಕ್ಕೆ ಬಿತ್ತು.

ಕೋರ್ಟಿನಲ್ಲಿ ಯಲ್ಲಕ್ಕ ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ನಿಂತು ನೆಟ್ಟಗೆ ಮಾತಾಡಿದಳು.

"ದಣ್ಯಾರ, ರಸ್ತಾ ಅಲ್ಲಿಂದ ನಾಕು ಮಾರು ದೂರ ಐತಿ. ನೀವ ಹೋಗಿ ನೋಡ್ರಿ. ನಮ್ಮತ್ತಿ ಕುಂತಾಗ ಈ ಕಚೇರಿ ಗ್ವಾಡಿನೂ ಇರಲಿಲ್ಲ. ಅಡ್ಡ ಬಂದಿದ್ದು ಗ್ವಾಡಿ, ನಾನಲ್ಲ."

ಕೋರ್ಟಿನಲ್ಲಿದ್ದವರು ನಕ್ಕರು. ನಿದ್ದೆ ಹೋಗಿದ್ದ ಬೆಂಚಿನವರೂ ಎಚ್ಚರವಾಗಿ ನಕ್ಕರು. ಉಜ್ಜಿನಪ್ಪ ಮಾತ್ರ ಅವಳದೇ ಬುಟ್ಟಿಯ ಎಲೆ ಮೆಲ್ಲುತ್ತ, ಅವಳ ಮಾತು ಮುಗಿಯುವ ಮೊದಲೇ ಜೇಬಿನಿಂದ ಹಾಳೆ ತೆಗೆದು ಗುಮಾಸ್ತನ ಕೈಗಿತ್ತ. ಗುಮಾಸ್ತ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದ. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಅಂಜಿನಯ್ಯನಿಗೆ ತನ್ನ ವಾಕ್ಯಗಳು ಆ ಗುಮಾಸ್ತನ ಬಾಯಲ್ಲಿ ಕುಂಟುತ್ತಿವೆ ಎಂದು ಬೇಸರವಾಯಿತು. ಬೇರೆ ಬೇಸರವೇನೂ ಆಗಲಿಲ್ಲ.

"ನಾ ಯಾವಾಗ ಅತ್ತೆ?" ಎಂದು ಯಲ್ಲಕ್ಕ ಹೊರಗೆ ಬಂದು ಜವಾನನನ್ನು ಕೇಳಿದಳು. "ನನ್ನ ಕಣ್ಣೀರಿನ ಸುದ್ದಿ ಆ ಹಾಳಿನ್ಯಾಗ ಹೆಂಗ ಬಂತು?"

"ಅದು ಮುಂಜಾನೆನ ಅಂಜಿನಯ್ಯನ ಮನಿಯಿಂದ ಬಂದೈತವಾ. ಯಾವತ್ತೂ ಹಂಗ," ಎಂದ ಜವಾನ.

ಅವಳು ತಿರುಗಿ ಅಂಜಿನಯ್ಯನನ್ನು ನೋಡಿದಳು. ತಾನು ಬುಟ್ಟಿಯಲ್ಲಿಟ್ಟು, ನೀರು ಚಿಮುಕಿಸಿ, ತಂಪಾಗಿ ಹೊತ್ತು ತಂದದ್ದು ಏನೆಂದು ಆಗ ಅವಳಿಗೆ ತಿಳಿಯಿತು. ಅಂಜಿನಯ್ಯ ಬೇರೆ ಕಡೆ ನೋಡಿದ.

ಅಂದಿನಿಂದ ಅವಳು ಡಬ್ಬಿ ಮುಟ್ಟಲಿಲ್ಲ. ಉಜ್ಜಿನಪ್ಪನ ಆಳು ತಂದುಕೊಟ್ಟಾಗ, "ನನ್ನ ಉರುಲಿಗೆ ನಾನ ನೀರು ಚಿಮುಕಿಸಬೇಕೇನು? ಹೋಗಲೇ," ಎಂದು ಓಡಿಸಿದಳಂತೆ. ಉಳಿದ ಎಲೆಗಾಡಿಯವರೂ ಡಬ್ಬಿ ತಮಗೆ ಬೇಡವೆಂದರು. ಕೊಳವೆಗಳು ಮತ್ತೆ ಬಸ್ಸು ಹತ್ತಿದವು. ತಾಯಕ್ಕನ ಮನೆಗೆ ಎಲೆ ಬರುವುದು ನಿಂತಿತು. ಗಂಡನ ಮುಂದೆ ಊಟದ ತಟ್ಟೆ ಕುಕ್ಕುವ ಸದ್ದು ಜೋರಾಯಿತು.

ಯಲ್ಲಕ್ಕ ದಂಡ ಕಟ್ಟಿ ಮತ್ತೆ ಹುಣಸೆಮರದ ಬುಡಕ್ಕೇ ಹೋಗಿ ಕೂತಳು. ಕೂರದೆ ಮಾಡುವುದೇನು? ಬೇರೆ ಕಡೆ ಕೂತು ನೋಡಿದಳು, ಗಿರಾಕಿಗಳು ಮರ ಹುಡುಕುತ್ತ ಹೋದರು. ಬೇಸಿಗೆಯ ನಡುವಿಗೆ ಎರಡನೆಯ ಕೇಸು ಬಂತು. ಈ ಸಲ ಕಳೆದುಕೊಂಡರೆ ಜಾಗವೂ ಹೋಗುತ್ತದೆ, ಬುಟ್ಟಿಯೂ ಹೋಗುತ್ತದೆ ಎಂದು ಎಲ್ಲರಿಗೂ ತಿಳಿದಿತ್ತು. ಗಾದಿಲಿಂಗಪ್ಪ ಸೋಡಾ ಬಾಟಲಿಗಳನ್ನು ಆಗಲೇ ತರಿಸಿ ಇಟ್ಟಿದ್ದ.

ವಿಚಾರಣೆಯ ಬೆಳಿಗ್ಗೆ ಬಸ್ಸಿನ ಕಂಡಕ್ಟರು ತಂದುಕೊಟ್ಟ ಡಬ್ಬಿ ಕೈಗೆ ಬಿಸಿ ಹತ್ತಿತು. ಜಾಗವಿರಲಿಲ್ಲವೆಂದು ಪುಣ್ಯಾತ್ಮ ಅದನ್ನು ಡ್ರೈವರನ ಪಕ್ಕ ಎಂಜಿನ್ನಿನ ಮೇಲೆಯೇ ಇಟ್ಟಿದ್ದ. ಅಂಜಿನಯ್ಯ ಮುಚ್ಚಳ ತೆಗೆದ. ಒಳಗೆ ಕೊಳವೆ ಇರಲಿಲ್ಲ. ಹತ್ತಿ ಮೆತ್ತಿಕೊಂಡ ಕಂದು ಮುದ್ದೆಯೊಂದಿತ್ತು. ಮಷೀನಿಗೆ ತೊಡಿಸುವ ಪ್ರಶ್ನೆಯೇ ಇಲ್ಲ. ಆದರೂ ಅಭ್ಯಾಸಬಲದಿಂದ ನಳಿಗೆ ಕಿವಿಗಿಟ್ಟುಕೊಂಡ. ಏನೂ ಕೇಳಿಸಲಿಲ್ಲ.

ಆಮೇಲೆ ಮೆಲ್ಲಗೆ ತಲೆಗೆ ಹೊಳೆಯಿತು. ಉಜ್ಜಿನಪ್ಪ ಬಸ್ಸಿಳಿದು ಬಂದು ಹಾಳೆ ಇಸಿದುಕೊಂಡು ಸಹಿ ಹಾಕುವವನು. ಒಳಗೆ ಏನಿದೆ ಎಂದು ಓದಲು ಬರದವನು. ಗುಮಾಸ್ತ ಓದಿ ಹೇಳಿದ ಮೇಲೆ, ತುಂಬಿದ ಕೋರ್ಟಿನಲ್ಲಿ, ಇದು ನನ್ನ ತೀರ್ಪಲ್ಲ, ನನಗೆ ಇಂಗ್ಲಿಷು ಬರುವುದಿಲ್ಲ ಎನ್ನಲು ರಾವ್ ಸಾಹೇಬ್ ಆಗಬೇಕಾದವನಿಗೆ ಬಾಯಿ ಬಂದೀತೇ? ಕೇಳಿದರೆ ಕೊಳವೆ ಸೊಟ್ಟಗಾಗಿತ್ತು, ಬಿಟ್ಟುಬಿಡಿ ಅಂದ ಹಾಗೆ ಕೇಳಿಸಿತು ಎಂದರಾಯಿತು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ತನ್ನನ್ನು ನಾಯಿ ಎಂದವನನ್ನು ಅವನದೇ ಬೆಂಚಿನ ಮೇಲೆ ಕೂರಿಸಿ ಮೂಗನಾಗಿಸುವ ದಿನ ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಇಂಥ ದಿನ ಸಾವಿರ ಮಂದಿಯಲ್ಲಿ ಒಬ್ಬನಿಗೂ ಬರುವುದಿಲ್ಲ.

ಹಾಳೆ ತೊಡಿಸಿದ. ಆಪಾದಿತಳನ್ನು ಬಿಡುಗಡೆ ಮಾಡಿದೆ, ಜಾಗ ಅವಳಿಗೇ ಇರತಕ್ಕದ್ದು ಎಂದು ಇಂಗ್ಲಿಷಿನಲ್ಲಿ ಹೊಡೆದ. ಓದಿಕೊಂಡ. ಮುಖ ಹುಳ್ಳಗಾಯಿತು. ವಾಕ್ಯ ಮೊಂಡಾಗಿತ್ತು, ಸ್ಕೂಲು ಹುಡುಗರು ಬರೆದಂತಿತ್ತು. ಇಷ್ಟು ವರ್ಷ ಆ ನಳಿಗೆಯೊಳಗಿಂದ ಒಬ್ಬರನ್ನಾದರೂ ಬಿಟ್ಟು ಕಳಿಸಿದ ಮಾತು ಬಂದಿರಲಿಲ್ಲ. ದೊರೆಯೂ ಬಿಟ್ಟಿರಲಿಲ್ಲ, ದಣಿಯೂ ಬಿಟ್ಟಿರಲಿಲ್ಲ. ಬಿಡುವ ವಾಕ್ಯಕ್ಕೆ ಗತ್ತು ತರುವುದು ಹೇಗೆಂದು ಇವನಿಗೆ ತಿಳಿಯಲಿಲ್ಲ. ಇಷ್ಟು ಕಳಪೆ ಬರವಣಿಗೆಯನ್ನು ಮೇಲಿನವರು ನೋಡಿದರೆ? ಗುಮಾಸ್ತ ನಕ್ಕರೆ? ಇನ್ನೊಂದು ಸಲ ಹೊಡೆದ, ಅದೂ ಸರಿಹೋಗಲಿಲ್ಲ. ಎರಡನ್ನೂ ಹರಿದ. ಅದರಡಿಯಲ್ಲಿ ಸಂಬಳದ ಭಯವೂ ಇತ್ತೆನ್ನಿ. ಆದರೆ ಅಂಜಿನಯ್ಯ ಅದನ್ನು ಒಪ್ಪುವವನಲ್ಲ, ಭಾಷೆಯ ಮರ್ಯಾದೆ ಎಂದೇ ಅಂದುಕೊಂಡ. ಮೂರನೆಯ ಹಾಳೆಗೆ ಬೆರಳುಗಳು ತಾವಾಗಿ ಓಡಿದವು. ನ್ಯಾಯಾಲಯದ ಔದಾರ್ಯವನ್ನು ಆಪಾದಿತಳು ದುರುಪಯೋಗಪಡಿಸಿಕೊಂಡಿದ್ದಾಳೆ ಎಂಬ ವಾಕ್ಯವಂತೂ ಬಲು ಸೊಗಸಾಗಿ ಬಂತು. ಬುಟ್ಟಿ ಜಪ್ತಿ, ಜಾಗ ಖಾಲಿ, ಈ ವಿಷಯದಲ್ಲಿ ಇನ್ನು ಅಹವಾಲು ಬೇಡ. ಆ ಕೊನೆಯ ಸಾಲು ದೊರೆಯದು.

ಉಜ್ಜಿನಪ್ಪ ಸಹಿ ಹಾಕಿದ. ಗುಮಾಸ್ತ ಓದಿದ. ಜವಾನ ಬುಟ್ಟಿಯನ್ನು ಎಲೆಯ ಸಮೇತ ಎತ್ತಿಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಮರದ ಬುಡದಲ್ಲಿ ಸೋಡಾ ಬಾಟಲಿಗಳು ಸಾಲಾಗಿ ನಿಂತಿದ್ದವು. ಮುಂದೆ ಉಜ್ಜಿನಪ್ಪನಿಗೆ ರಾವ್ ಸಾಹೇಬ್ ಬಿರುದೂ ಬಂತು. ಆತನ ತೀರ್ಪುಗಳ ಭಾಷೆ ಘನವಾದದ್ದೆಂದು ಸಮಾರಂಭದಲ್ಲಿ ಯಾರೋ ಹೊಗಳಿದರು. ಅಂಜಿನಯ್ಯ ಹಿಂದಿನ ಸಾಲಿನಲ್ಲಿ ನಿಂತು, ಈ ದಡ್ಡರಿಗೆ ಭಾಷೆಯ ಬೆಲೆ ಏನು ಗೊತ್ತು ಎಂದು ಮೂಗು ಮುರಿದ. ಅದು ಆಮೇಲಿನ ಮಾತು.

ಅಂದು ಸಂಜೆ, ಇನ್ನೂ ಬಿಸಿಲಿರುವಾಗಲೇ, ಯಲ್ಲಕ್ಕ ಅವನ ಮನೆಗೆ ಬಂದಳು. ಬಂದದ್ದು ತಾಯಕ್ಕನನ್ನು ನೋಡಲು. ಇನ್ನು ಹೊಸಪೇಟೆಗೆ ಬರುವುದಿಲ್ಲವೆಂದು ಹೇಳಿ ಹೋಗಬೇಕಿತ್ತು. ತಾಯಕ್ಕ ಅಂಬಲಿ ತರಲು ಒಳಗೆ ಹೋದಳು. ಅಂಜಿನಯ್ಯ ಜಗುಲಿಯಲ್ಲೇ ಕೂತಿದ್ದ, ಎದ್ದು ಹೋಗಲು ಹೊತ್ತು ಸಿಗಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಬೆಳಗಿನ ಡಬ್ಬಿ ತೆರೆದೇ ಬಿದ್ದಿತ್ತು. ಯಲ್ಲಕ್ಕ ಅದನ್ನು ನೋಡಿದಳು. ಎಷ್ಟೋ ಸಂತೆ ಹೊತ್ತು ತಂದವಳಿಗೆ ಅದರ ಗುರುತು ಸಿಗದೆ ಇರುತ್ತದೆಯೇ? ಕೈ ಹಾಕಿ ಮುದ್ದೆಯನ್ನು ಎತ್ತಿ, ಹತ್ತಿ ಬಿಡಿಸಿ, ಹೊರಳಿಸಿ ನೋಡಿದಳು.

"ಇದು ಇವತ್ತು ಬಂದದ್ದೇನು?"

ಅಂಜಿನಯ್ಯ ತಲೆಯಾಡಿಸಿದ.

"ಕರಗಿ ಹೋಗೈತಿ."

"ಹೂಂ. ಬಸ್ಸಿನ ಬಿಸಿಗೆ."

"ಇದರಾಗಿನ ಮಾತು ಕೇಳತೈತೇನು ಈಗ?"

"ಇಲ್ಲ," ಎಂದ ಅವನು. ಅದೊಂದೇ ಮಾತನ್ನು ಅವನು ಪಾಲಿಶ್ ಮಾಡದೆ ಹೇಳಿದ್ದು.

ಯಲ್ಲಕ್ಕ ಮುದ್ದೆಯನ್ನು ಅವನ ಪಕ್ಕದಲ್ಲಿ ಮೆಲ್ಲಗೆ ಇಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಲೆ ಕೊಳ್ಳಲು ಬಂದವರನ್ನು ಎಷ್ಟು ಬೇಕು ಎಂದು ಕೇಳುವ ದನಿಯಲ್ಲೇ ಕೇಳಿದಳು.

"ದಣಿ ಅಂದಿದ್ದು ಕರಗಿ ಹೋಗಿತ್ತಲ್ಲಯ್ಯಾ. ಮತ್ತ ನನ್ನ ಎಬ್ಬಿಸ್ರಿ ಅಂತ ಅಂದಾವ ಯಾರು?"

ಅಂಬಲಿಯ ಚೆಂಬು ಹಿಡಿದ ತಾಯಕ್ಕ ಬಾಗಿಲಲ್ಲೇ ನಿಂತು ಗಂಡನ ಮುಖ ನೋಡಿದಳು. ಅವಳೂ ಉತ್ತರಕ್ಕೆ ಕಾಯುತ್ತಿದ್ದಳು.